ಮಡಚಿಟ್ಟ ಅಂಗಿ

ಕುಡಿದಿದ್ದ, ಕಾಲು ಜಾರಿತು, ಗುಂಡಿಗೆ ಬಿದ್ದ, ಸತ್ತ. ಹಾಗಂತ ಅವರು ಹೇಳಿದರು. ಸಿದ್ದಕ್ಕ ‘ಹೌದ್ರಿ’ ಅಂದಳು.

ಹೇಳಿದವರು ಒಬ್ಬಿಬ್ಬರಲ್ಲ. ಅಪಾರ್ಟ್‌ಮೆಂಟಿನ ಸೂಪರ್‌ವೈಸರ್ ಪಂಚಾಕ್ಷರಿ ಹೇಳಿದ. ಕಾಂಟ್ರಾಕ್ಟರನ ಕಡೆಯವನು ಹೇಳಿದ. ಠಾಣೆಯಲ್ಲಿ ಕೂತಿದ್ದ ಪೊಲೀಸಪ್ಪ ತಲೆ ಎತ್ತದೆ ಹೇಳಿದ. ಗಂಡನ ಹೆಣ ಆಸ್ಪತ್ರೆಯಲ್ಲಿ ಬಿದ್ದಿದೆ, ಹೊಟ್ಟೆಗೆ ಒಂದು ಗುಟುಕು ನೀರು ಇಳಿದಿಲ್ಲ, ಅಂಥ ಹೊತ್ತಿನಲ್ಲಿ ಇಷ್ಟು ಜನ ಇಸ್ತ್ರಿ ಪ್ಯಾಂಟಿನವರ ಎದುರು ನಿಂತ ಹೆಂಗಸು ಇನ್ನೇನು ತಾನೇ ಅಂದಾಳು? ಹೌದ್ರಿ ಅಂದಳು. ನೀಲಪ್ಪ ಕುಡಿಯುತ್ತಿದ್ದದ್ದು ಸುಳ್ಳೂ ಅಲ್ಲವಲ್ಲ. ಭಾನುವಾರ ಒಂದು ಕ್ವಾರ್ಟರ್ ಹಾಕುತ್ತಿದ್ದ, ಎರಡು ಹಾಡು ಹೇಳುತ್ತಿದ್ದ, ಮಲಗುತ್ತಿದ್ದ. ಅವನ ಆ ಭಾನುವಾರದ ಕ್ವಾರ್ಟರ್ ಎಲ್ಲರಿಗೂ ಎಷ್ಟು ಅನುಕೂಲಕ್ಕೆ ಬಂತು ನೋಡಿ.

ಬೆಳ್ಳಂದೂರು ಕೆರೆಯ ಹಿಂಬದಿಯ ಅಪಾರ್ಟ್‌ಮೆಂಟು ಅದು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಸಿದ್ದಕ್ಕನ ನಾಲಿಗೆಗೆ ಹೊರಳುವುದಿಲ್ಲ, ನಮಗೂ ಬೇಡ ಬಿಡಿ. ಅಲ್ಲಿನ ಅಷ್ಟೂ ಮನೆಗಳ ಹೇಲು, ಉಚ್ಚೆ, ಬಚ್ಚಲ ನೀರು ಹರಿದು ಬಂದು ಸೇರುವ ತೊಟ್ಟಿ ಹಿಂದುಗಡೆಯ ಕಾಂಪೌಂಡಿಗೆ ಹತ್ತಿಕೊಂಡು ನೆಲದಡಿಯಲ್ಲಿದೆ. ಎಸ್‌ಟಿಪಿ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅಂದರೆ ಅದು ನಾರುವುದಿಲ್ಲ. ನೀಲಪ್ಪನಿಗೆ ಅಲ್ಲಿ ಪಂಪು ಆನ್ ಮಾಡುವ, ಆಫ್ ಮಾಡುವ ಕೆಲಸ. ಇಳಿಯುವ ಕೆಲಸ ಅಲ್ಲ. ಹಾಗಂತ ಹೇಳಿಯೇ ಸೇರಿಸಿಕೊಂಡಿದ್ದರು.

ಅವನು ಸತ್ತ ದಿನ ಪಂಚಾಕ್ಷರಿ ಸಿದ್ದಕ್ಕನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಅದರಲ್ಲಿ ನೀಲಪ್ಪನ ಬಿಳಿ ಅಂಗಿ, ಕಾಲಿಗೆ ಮೆಟ್ಟುತ್ತಿದ್ದ ಕಾಲ್ಮರಿ. ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ. ಅಂಗಿ ಚೊಕ್ಕವಾಗಿ ಮಡಚಿತ್ತು. ಆ ಮಡಿಕೆ ಬಿಚ್ಚದೆ ಸಿದ್ದಕ್ಕ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಮೂಸಿದರೆ ಬೆವರು, ಬೀಡಿ, ಅವನು ಮೈಗೆ ಹಚ್ಚುತ್ತಿದ್ದ ಕೆಂಪು ಸೋಪು. ಸದ್ಯ, ಗುಂಡಿಯ ನಾತ ಇದಕ್ಕೆ ಹತ್ತಿಲ್ಲ ಅಂತ ಅವಳು ದೇವರಿಗೆ ಕೈ ಮುಗಿದಿದ್ದಳು. ವರ್ಷ ಕಳೆದರೂ ಆ ಅಂಗಿಯನ್ನು ಒಗೆಯಲಿಲ್ಲ, ತೊಡಲಿಲ್ಲ. ವಾಸನೆ ಹೋಗಿಬಿಟ್ಟರೆ ಅವಳಿಗೆ ಉಳಿಯುವುದಾದರೂ ಏನು?

ಪಾಪ ಅಂತ ಅವಳಿಗೆ ಅಲ್ಲೇ ಹೌಸ್‌ಕೀಪಿಂಗ್ ಕೆಲಸ ಕೊಟ್ಟರು. ಕಾಂಟ್ರಾಕ್ಟರನ ತಗಡಿನ ಶೆಡ್ಡುಗಳ ಸಾಲಿನಲ್ಲಿ ಗಂಡ ಹೆಂಡತಿ ಇದ್ದ ಖೋಲಿಯನ್ನೇ ಉಳಿಸಿದರು. ಕೆಲಸ ಹೋದರೆ ಖೋಲಿಯೂ ಹೋಗುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಮಗಳು ಭಾಗ್ಯಶ್ರೀ ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಒಂದು ದಿನ ಫೋನಿನಲ್ಲಿ ಕೇಳಿದಳು.

“ಯವ್ವಾ, ಹುಡುಗ್ಯಾರು ನನ್ನ ಕುಡುಕನ ಮಗಳು ಅಂತಾರ. ಅಪ್ಪ ಖರೇನ ಕುಡ್ದು ಬಿದ್ದನಾ?”

“ಹೌದವ್ವ” ಅಂದಳು ಸಿದ್ದಕ್ಕ. ಅಂದು ಫೋನಿಟ್ಟು, ಸತ್ತ ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಮಗಳ ಮುಂದೆ ಮುಖ ಇಲ್ಲದ ಹಾಗೆ ಮಾಡಿ ಹೋದೆಯಲ್ಲೋ ಅಂತ.

ಅವನು ಮಾತ್ರ ಹೋಗಿರಲಿಲ್ಲ.

ಬೇಸ್‌ಮೆಂಟಿನಲ್ಲಿ ಕಾರುಗಳ ನಡುವೆ ನೆಲ ಒರೆಸುವಾಗ ಬರುತ್ತಿದ್ದ. ಮಟಮಟ ಮಧ್ಯಾಹ್ನ. ಕಂಬದ ಪಕ್ಕ ನಿಂತಿರುತ್ತಿದ್ದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬರಿಗಾಲು, ಬರಿಮೈ. ಅವಳನ್ನು ಅತ್ತಿತ್ತ ಅಲುಗದಂತೆ ಮಾಡುತ್ತಿದ್ದದ್ದು ಆ ಬರಿಮೈ.

ಯಾಕೆಂದರೆ ನೀಲಪ್ಪ ಅಂಗಿ ಬಿಚ್ಚುವ ಗಂಡಸಲ್ಲ. ಮಸ್ಕಿ ಕಡೆಯ ಅವರ ಊರಲ್ಲಿ ಕೇರಿಯ ಗಂಡಸರು ಗೌಡರ ಓಣಿಗೆ ಹೋದರೆ ಕಾಲ್ಮರಿ ಕೈಗೆ ಬರಬೇಕಿತ್ತು. ಅಂಗಿ ತೊಟ್ಟು ಬಂದವನು ಕಟ್ಟೆಯ ಮುಂದೆ ಅದನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಬೇಕಿತ್ತು. ತನ್ನ ಅಪ್ಪ ಹಾಗೆ ಎಲುಬು ಬಿಟ್ಟುಕೊಂಡು, ನಗುತ್ತ ನಿಂತದ್ದನ್ನು ನೀಲಪ್ಪ ಎಳೆಯ ಪ್ರಾಯದಲ್ಲಿ ಕಂಡಿದ್ದ. ಅಪ್ಪ ನಿಂತದ್ದು ಅವನಿಗೆ ಅಷ್ಟು ಉರಿಯಲಿಲ್ಲ, ನಕ್ಕದ್ದು ಉರಿಯಿತು. ಬೆಂಗಳೂರಿಗೆ ಬಂದು ಮೊದಲ ಕೂಲಿಯಲ್ಲಿ ಬಿಳಿ ತುಂಬುತೋಳಿನ ಅಂಗಿ ತಂದ. ಕುತ್ತಿಗೆಯ ಗುಂಡಿಯವರೆಗೆ ಹಾಕುತ್ತಿದ್ದ. ಇಟ್ಟಿಗೆ ಹೊರುವಾಗಲೂ ತೆಗೆಯುತ್ತಿರಲಿಲ್ಲ. “ಏನೋ ಮದುಮಗಾ, ಅಕ್ಕಿಕಾಳು ಹಾಕಾಕ ಯಾರ್ನ ಕರೀಲಿ?” ಅಂತ ಸಿದ್ದಕ್ಕ ಕಾಡಿಸುತ್ತಿದ್ದಳು. “ಯಾರ ಮುಂದೂ ಬಿಚ್ಚಂಗಿಲ್ಲ ನಾ” ಅನ್ನುತ್ತಿದ್ದ ಅವನು.

ಅಂಥವನು ಸತ್ತ ಮೇಲೆ ಬರಿಮೈಯಲ್ಲಿ ಬಂದರೆ?

“ಅಂಗಿ ಹಾಕ್ಕೋ” ಅಂತ ಗದರುತ್ತಿದ್ದಳು. “ಮಂದಿ ಓಡಾಡೋ ಜಾಗ. ನಾಚಿಕಿಲ್ಲೇನು ನಿಂಗ? ಕುಡ್ದು ಸತ್ತಿದ್ದಲ್ಲದ ಬರಿಮೈಲೆ ಬ್ಯಾರೆ ತಿರಗ್ತಿ.”

ಅವನು ಅವಳ ಮುಖ ನೋಡುತ್ತಿದ್ದ. ನಿನಗೂ ತಿಳಿಯಲಿಲ್ಲವಾ ಅನ್ನುವ ಹಾಗೆ. ಆಮೇಲೆ ಕಂಬದ ಹಿಂದೆ ಸರಿದುಬಿಡುತ್ತಿದ್ದ. ಜೊತೆಯ ಹೆಂಗಸರು ದಾರ ಕಟ್ಟಿಸಿಕೋ ಅಂದರು. ಕಟ್ಟಿಸಿಕೊಂಡಳು. ದಾರ ಕೊಳೆಯಾಯಿತು, ಅವನು ಬರುವುದು ನಿಲ್ಲಲಿಲ್ಲ.

ಆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಓದುವ ಕೋಣೆ ಅಂತ ಒಂದಿದೆ. ಗಾಜಿನ ಗೋಡೆ, ಮೆತ್ತನೆಯ ಸೋಫಾ, ಕಪಾಟುಗಳ ತುಂಬ ಇಂಗ್ಲಿಷ್ ಪುಸ್ತಕ. ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ ಕನ್ನಡದವು. ವೆಂಕಟಲಕ್ಷ್ಮಮ್ಮ ಅನ್ನುವ ಹಿರಿಯರು ಕೊಟ್ಟದ್ದು. ಅವರ ಯಜಮಾನರು ರಾಮಪ್ರಸಾದರು ಸರ್ಕಾರಿ ಕಾರ್ಖಾನೆಯಲ್ಲಿ ಇದ್ದವರು, ಪುಸ್ತಕದ ಹುಚ್ಚಿನವರು, ಒಂದೊಂದಕ್ಕೂ ಕಾರ್ಖಾನೆಯ ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದ ರಟ್ಟು ಹಾಕಿದ್ದರು. ಅವರು ತೀರಿಕೊಂಡ ಮೇಲೆ ವೆಂಕಟಲಕ್ಷ್ಮಮ್ಮ ಮಗನ ಫ್ಲ್ಯಾಟಿಗೆ ಬಂದರು. ಮಗ ಅನುರಾಗ್ ಅಪಾರ್ಟ್‌ಮೆಂಟು ಸಂಘದ ಕಾರ್ಯದರ್ಶಿ. ಅವನ ಮನೆಯಲ್ಲಿ ಅಷ್ಟು ಪುಸ್ತಕಕ್ಕೆ ಜಾಗ ಇರಲಿಲ್ಲ. ಹಾಗಾಗಿ ಅವು ಈ ಕೆಳಗಿನ ಹಲಗೆಗೆ ಬಂದವು. ಅವುಗಳ ಧೂಳು ಹೊಡೆಯುವ ಕೆಲಸ ಸಿದ್ದಕ್ಕನಿಗೆ ಬಂತು.

ಸಿದ್ದಕ್ಕ ಏಳನೆಯ ಇಯತ್ತೆವರೆಗೆ ಓದಿದವಳು. ಬಾಗಿಲ ಬಳಿ ಕೂರಿಸುತ್ತಿದ್ದರು, ಆದರೂ ಓದು ಅಂದರೆ ಪ್ರಾಣ. ಮದುವೆಯಾದ ಮೇಲೆ ಅವಳು ಓದಿದ್ದು ಬಸ್ಸಿನ ಬೋರ್ಡು ಮಾತ್ರ. ಒಂದು ದಿನ ಧೂಳು ಹೊಡೆಯುತ್ತ ಒಂದು ಪುಸ್ತಕ ತೆರೆದಳು. ಅಕ್ಷರ ಕಣ್ಣಿಗೆ ಹತ್ತಿತು. ಕಳ್ಳತನ ಮಾಡಿದವರಂತೆ ಮುಚ್ಚಿಟ್ಟಳು. ಮಾರನೆಯ ದಿನ ಮತ್ತೆ ತೆರೆದಳು.

ಅಲ್ಲಿ ಕೆಲಸದವರು ಕೂರುವಂತಿಲ್ಲ. ಸೋಫಾ ಹೋಗಲಿ, ನೆಲದ ಮೇಲೂ ಇಲ್ಲ. ಮೇಲೆ ಕ್ಯಾಮೆರಾ ಇದೆ. ಏನನ್ನೂ ಹೊರಗೆ ಒಯ್ಯುವಂತಿಲ್ಲ, ಗೇಟಿನಲ್ಲಿ ಚೀಲ ಜಾಲಾಡುತ್ತಾರೆ. ಹಾಗಾಗಿ ಸಿದ್ದಕ್ಕ ನಿಂತು ಓದಿದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. ಬಟ್ಟೆ ಹಲಗೆಯ ಮೇಲೆ ಅತ್ತಿತ್ತ ಆಡುತ್ತಲೇ ಇರಬೇಕು. ಕ್ಯಾಮೆರಾಕ್ಕೆ ಕಾಣುವುದು ಕೈ ತಾನೇ. ದಿನಕ್ಕೆ ಒಂದು ಪುಟ, ಎರಡು ಪುಟ. ಬಿಟ್ಟ ಕಡೆ ಪೊರಕೆ ಕಡ್ಡಿ ಇಟ್ಟು ಹೋಗುತ್ತಿದ್ದಳು. ಮೊಣಕಾಲು ನೋಯುತ್ತಿತ್ತು. ಕಥೆ ಅರ್ಧಕ್ಕೆ ನಿಂತರೆ ರಾತ್ರಿ ರೊಟ್ಟಿ ರುಚಿಸುತ್ತಿರಲಿಲ್ಲ.

ವೆಂಕಟಲಕ್ಷ್ಮಮ್ಮ ಒಮ್ಮೆ ಅವಳ ತುಟಿ ಅಲುಗುವುದನ್ನು ಕಂಡುಬಿಟ್ಟರು. ಸಿದ್ದಕ್ಕ ಪುಸ್ತಕವನ್ನು ಹಲಗೆಗೆ ತುರುಕಿದಳು.

“ಅಯ್ಯೋ, ಓದ್ತೀಯೇನೇ? ಓದು ಓದು. ನಮ್ಮನೆಯವರು ಹೋದ್ಮೇಲೆ ಅದನ್ನ ಮುಟ್ಟೋರೇ ಇರ್ಲಿಲ್ಲ” ಅಂದರು. ಒಳ್ಳೆಯ ಹೆಂಗಸು. ಆದರೆ ಕೂತ್ಕೊಂಡು ಓದು ಅನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅವರು ಸೋಫಾದ ಮೇಲೆ ಕೂತರು, ಇವಳು ನಿಂತು ಓದಿದಳು.

ಹಾಗೆ ನಿಂತು ಓದುತ್ತಿದ್ದಾಗಲೇ ಆ ಕಥೆ ಬಂತು.

ಸಣ್ಣ ಕಥೆ. ಯಾವುದೋ ಊರು, ಯಾವುದೋ ಕಾಲ. ಒಬ್ಬ ದಣಿ. ಅವನ ಬಾವಿಯ ಹೂಳು ತೆಗೆಯಲು ಹೋದ ಆಳು ಸತ್ತಿದ್ದಾನೆ. ಹೆಂಡ ಕುಡಿದಿದ್ದ, ಕಾಲು ಜಾರಿ ಬಿದ್ದ ಅಂತ ದಣಿ ಹೇಳುತ್ತಾನೆ. ಊರು ಹೌದು ಹೌದು ಅನ್ನುತ್ತದೆ. ಸತ್ತವನಿಗೆ ಒಬ್ಬಳು ತಾಯಿ. ಕಣ್ಣು ಮಂಜಾದ ಮುದುಕಿ. ಅವಳು ಅಳುವುದಿಲ್ಲ, ಬಾವಿಯ ದಡಕ್ಕೆ ಬಂದು ಕೈಯಿಂದ ತಡವುತ್ತ ಸುತ್ತು ಬರುತ್ತಾಳೆ. ಏನು ಹುಡುಕುತ್ತೀ ಮುದುಕಿ ಅಂತ ಜನ ನಗುತ್ತಾರೆ. ಅವಳ ಕೈಗೆ ಮಗನ ರುಮಾಲು ಸಿಗುತ್ತದೆ. ಮಡಚಿದ ರುಮಾಲು. ಅದರ ಮೇಲೊಂದು ಕಲ್ಲು. ಆಗ ಮುದುಕಿ ಕೇಳುತ್ತಾಳೆ: ಕಾಲು ಜಾರಿ ಬೀಳೋನು ರುಮಾಲು ಮಡಚಿ, ಗಾಳಿಗೆ ಹಾರದಿರಲಿ ಅಂತ ಕಲ್ಲು ಹೇರಿ, ಆಮೇಲೆ ಬೀಳ್ತಾನೇನ್ರಪ್ಪಾ?

ಸಿದ್ದಕ್ಕನ ಬಟ್ಟೆ ಹಿಡಿದ ಕೈ ನಿಂತುಬಿಟ್ಟಿತು.

ಮತ್ತೆ ಓದಿದಳು. ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕ್ಯಾಮೆರಾ ನೋಡುತ್ತಿತ್ತು, ನೋಡಲಿ. ಕಣ್ಣ ಮುಂದೆ ಬಿಳಿ ಅಂಗಿ ಬಂತು. ತೋಳುಗಳನ್ನು ಹಿಂದಕ್ಕೆ ಹಾಕಿ, ಕೊರಳಪಟ್ಟಿ ಮೇಲೆ ಬರುವ ಹಾಗೆ ಚೊಕ್ಕ ಮಡಚಿದ ಅಂಗಿ. ಒಣ ಅಂಗಿ. ಒಣ ಬೀಡಿ. ಒಣ ಬೆಂಕಿಪೊಟ್ಟಣ. ಗುಂಡಿಯ ನಾತ ಇಲ್ಲ ಅಂತ ವರ್ಷವೆಲ್ಲ ಮೂಸಿ ಸಮಾಧಾನ ಪಟ್ಟವಳು ತಾನೇ. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ! ಗುಂಡಿಗೆ ಬಿದ್ದವನ ಅಂಗಿ ಹೇಗೆ ನಾರದೆ ಇರುತ್ತದೆ?

ಬಿದ್ದಿಲ್ಲ. ಇಳಿಸಿದ್ದಾರೆ. ಯಾರ ಮುಂದೂ ಅಂಗಿ ಬಿಚ್ಚುವುದಿಲ್ಲ ಅಂದವನಿಂದ ಬಿಚ್ಚಿಸಿದ್ದಾರೆ. ಹಗ್ಗ ಇಲ್ಲದೆ, ಮುಖಕ್ಕೆ ಏನೂ ಇಲ್ಲದೆ ಆ ವಿಷಗಾಳಿಗೆ ಇಳಿಸಿದ್ದಾರೆ. ಅವನು ಅಂಗಿ ಮಡಚಿಟ್ಟಿದ್ದಾನೆ, ಯಾಕೆಂದರೆ ಮೇಲೆ ಬಂದು ತೊಡುವವನಿದ್ದ. ಬೀಡಿಯನ್ನು ಜೇಬಲ್ಲೇ ಬಿಟ್ಟಿದ್ದಾನೆ, ಯಾಕೆಂದರೆ ಮೇಲೆ ಬಂದು ಸೇದುವವನಿದ್ದ. ಸಾಯಲು ಹೊರಟವನು ಹಾಗೆ ಮಾಡುವುದಿಲ್ಲ. ಕುಡಿದವನಂತೂ ಅಷ್ಟು ಚೊಕ್ಕ ಮಡಚುವುದೇ ಇಲ್ಲ.

ಕಥೆ ಬರೆದವನಿಗೆ ನೀಲಪ್ಪ ಯಾರೆಂದು ಗೊತ್ತಿಲ್ಲ. ಆ ಬಾವಿ ಇಲ್ಲ, ಆ ಮುದುಕಿ ಇಲ್ಲ, ಎಲ್ಲ ಕಟ್ಟಿದ್ದು. ನಿಜ ಹೇಳಬೇಕಾದವರೆಲ್ಲ ಅವಳ ಮುಂದೆ ಕಥೆ ಕಟ್ಟಿದ್ದರು, ಕಥೆ ಕಟ್ಟುವವನೊಬ್ಬ ಎಲ್ಲೋ ಕೂತು ಅವಳಿಗೆ ನಿಜ ಹೇಳಿದ್ದ. ಅವಳು ಅವಸರದಿಂದ ಪುಟ ತಿರುವಿದಳು. ಮುದುಕಿ ಮುಂದೆ ಏನು ಮಾಡಿದಳು? ಏನೂ ಇಲ್ಲ. ಮಗನ ರುಮಾಲನ್ನು ತನ್ನ ತಲೆಗೆ ಸುತ್ತಿಕೊಂಡು ಮನೆಗೆ ಹೋದಳು. ಕಥೆ ಮುಗಿದಿತ್ತು. ಮುಂದಿನ ಪುಟದಲ್ಲಿ ಬೇರೆ ಕಥೆ.

“ಮನೀಗಿ ಹೋದ್ಳಾ?” ಅಂತ ಸಿದ್ದಕ್ಕ ಗಟ್ಟಿಯಾಗಿ ಅಂದುಬಿಟ್ಟಳು. “ಅಷ್ಟ ಕೇಳಿ ಸುಮ್ನ ಹೆಂಗ ಹೋದ್ಳು?” ಬರೆದವನ ಮೇಲೆ ಸಿಟ್ಟು ಬಂತು. ಬೆಂಕಿ ಹಚ್ಚಿ ಎದ್ದುಹೋಗಿದ್ದ ಪುಣ್ಯಾತ್ಮ.

ಸೋಫಾದ ಮೇಲಿದ್ದ ವೆಂಕಟಲಕ್ಷ್ಮಮ್ಮ ತಲೆ ಎತ್ತಿದರು. “ಏನಾಯ್ತೇ?”

“ಅಮ್ಮಾರೆ, ಈ ಮುದುಕಿ... ಇವಳ ಮಗನ್ನ ಇಳಿಸಿ ಕೊಂದಾರ್ರಿ. ನನ್ನ ಗಂಡನ್ನೂ ಹಿಂಗ ಮಾಡ್ಯಾರ್ರಿ. ಅವನ ಅಂಗಿ ಒಣಗೇ ಇತ್ರಿ.”

ವೆಂಕಟಲಕ್ಷ್ಮಮ್ಮನವರ ಮುಖ ಬಿಳಿಚಿತು. ಅವರ ಮಗ ಕಾರ್ಯದರ್ಶಿ. ನೀಲಪ್ಪ ಸತ್ತಾಗಲೂ ಅವನೇ ಕಾರ್ಯದರ್ಶಿ.

“ಅದು ಬರೀ ಕಥೆ ಕಣಮ್ಮ” ಅಂದರು ಮೆಲ್ಲಗೆ. “ಕಥೇನೆಲ್ಲ ಹಾಗೆ ಮನಸ್ಸಿಗೆ ಹಚ್ಕೋಬಾರ್ದು. ಹೋಗು, ಮುಖ ತೊಳ್ಕೊ.”

ಸಿದ್ದಕ್ಕ ಬೇಸ್‌ಮೆಂಟಿಗೆ ಓಡಿದಳು. ಅವನು ಕಂಬದ ಪಕ್ಕವೇ ನಿಂತಿದ್ದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬರಿಮೈ. ಇಷ್ಟು ದಿನ ಬರಿಮೈಯಲ್ಲಿ ಬಂದು ಬಂದು ಅವನು ಅದನ್ನೇ ಹೇಳುತ್ತಿದ್ದ. ಅವಳು ಬೈದು ಕಳಿಸುತ್ತಿದ್ದಳು.

“ತಪ್ಪಾತೋ” ಅಂದಳು. ಬಕೀಟು ಕೆಳಗೆ ಇಟ್ಟು, ನೆಲಕ್ಕೆ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. “ತಪ್ಪಾತು. ಮಗಳ ಮುಂದೂ ನಿನ್ನ ಕುಡುಕ ಅಂದೆ.” ಅವನು ಅವತ್ತು ಕಂಬದ ಹಿಂದೆ ಸರಿಯಲಿಲ್ಲ.

ತಿಳಿದದ್ದೇನೋ ತಿಳಿಯಿತು. ಆದರೆ ತಿಳಿದು ಮಾಡುವುದೇನು? ಕೇಳಿದರೆ ಕೆಲಸ ಹೋಗುತ್ತದೆ, ಖೋಲಿ ಹೋಗುತ್ತದೆ. ಯಾವ ಸಾಕ್ಷಿ ಅಂತ ಕೇಳಿದರೆ ಕಥೆಯಲ್ಲಿ ಓದಿದೆ ಅಂತ ಹೇಳುವುದಾ? ಮತ್ತೆ ಬಕೀಟು ಎತ್ತಿ ನೆಲ ಒರೆಸಿದಳು. ಕಥೆಯ ಮುದುಕಿಯನ್ನು ಬೈದವಳು ತಾನೂ ದಿನಾ ಸಂಜೆ ಸುಮ್ಮನೆ ಮನೆಗೆ ಹೋಗುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಹಿಂಸೆಯಾಗಿತ್ತು. ಒಂದು ಬೆಳಿಗ್ಗೆ ತಲೆದಿಂಬಿನ ಕೆಳಗಿನ ಅಂಗಿ ತೆಗೆದಳು. ಇನ್ನು ಮಡಚಿಡುವುದು ಸಾಕು ಅನ್ನಿಸಿತು. ಮಡಿಕೆ ಬಿಚ್ಚಿ ಸೀರೆಯ ಮೇಲೆ ತೊಟ್ಟಳು. ಊರ ಕಡೆ ಹೆಂಗಸರು ಕೂಲಿಗೆ ಹೋಗುವಾಗ ಗಂಡನ ಅಂಗಿ ತೊಡುವುದಿಲ್ಲವೇ, ಹಾಗೆ. ಅದರ ಮೇಲೆ ಹೌಸ್‌ಕೀಪಿಂಗಿನ ನೀಲಿ ಕೋಟು ಹಾಕಿಕೊಂಡು ಕೆಲಸಕ್ಕೆ ಬಂದಳು.

ಅವತ್ತು ಅಪಾರ್ಟ್‌ಮೆಂಟಿನಲ್ಲಿ ದಸರೆಯ ಗದ್ದಲ. ಸಂಜೆ ಹುಲ್ಲುಹಾಸಿನ ಮೇಲೆ ದಾಂಡಿಯಾ. ಪೆಂಡಾಲು, ದೀಪದ ಸರ, ಊಟದ ಕೌಂಟರು. ಬೆಳಿಗ್ಗೆಯಿಂದ ಒಂದೇ ದೂರು: ಗಬ್ಬು ನಾತ. ತೊಟ್ಟಿಯ ಪಂಪಿಗೆ ಬಟ್ಟೆ ಬರೆ, ಮಕ್ಕಳ ಡೈಪರು ಸಿಕ್ಕಿಕೊಂಡು ನಿಂತುಹೋಗಿತ್ತು. ಹೇಲು ನೀರು ತುಂಬಿ ಬರುತ್ತಿತ್ತು. ಹೀರುವ ಲಾರಿಗೆ ಫೋನು ಮಾಡಿದರೆ ನಾಳೆ ಅಂದರು. ಪಂಚಾಕ್ಷರಿಗೆ ನಾಳೆಯವರೆಗೆ ಪುರಸೊತ್ತಿರಲಿಲ್ಲ.

ನೀಲಪ್ಪನ ಜಾಗಕ್ಕೆ ಬಂದಿದ್ದವನು ಮುತ್ತು. ಕುಷ್ಟಗಿ ಕಡೆಯ ಹುಡುಗ, ಮದುವೆಯಾಗಿ ವರ್ಷ ತುಂಬಿಲ್ಲ, ಸಿದ್ದಕ್ಕನ ಶೆಡ್ಡಿನ ಸಾಲಿನಲ್ಲೇ ಇದ್ದ. ಅಕ್ಕಾ ಅಕ್ಕಾ ಅಂತ ಬಂದು ಉಪ್ಪಿನಕಾಯಿ ಇಸಿದುಕೊಂಡು ಹೋಗುತ್ತಿದ್ದ.

ಸಿದ್ದಕ್ಕ ಹಿಂದುಗಡೆಯ ಕಾಂಪೌಂಡಿನಲ್ಲಿ ಎಲೆ ಗುಡಿಸುತ್ತಿದ್ದಳು. ತೊಟ್ಟಿಯ ಕಬ್ಬಿಣದ ಮುಚ್ಚಳ ತೆರೆದು ಗೋಡೆಗೆ ಒರಗಿತ್ತು. ಗೋಡೆಯ ಮೇಲೆ ಒಳಗೆ ಇಳಿಯಬಾರದು ಅನ್ನುವ ಹಳದಿ ಬೋರ್ಡು. ನೀಲಪ್ಪ ಸತ್ತ ಮೇಲೆ ಹಾಕಿದ್ದು. ಬೋರ್ಡಿನ ಅಡಿಯಲ್ಲೇ ನಿಂತು ಪಂಚಾಕ್ಷರಿ ಹೇಳುತ್ತಿದ್ದ.

“ಎರಡ್ ನಿಮಿಷದ ಕೆಲ್ಸ ಕಣೋ. ಏಣಿ ಇದೆ, ಇಳಿ, ಕೈ ಹಾಕಿ ಎಳಿ, ಮೇಲ್ ಬಾ. ನಾಳೆಯಿಂದ ನಿನ್ ಸಂಬಳ ಜಾಸ್ತಿ ಮಾಡಿಸ್ತೀನಿ.”

“ಸಾರ್, ನಂಗ ಅಂಜಿಕಿ ಬರ್ತೈತ್ರಿ.”

“ಏನ್ ಅಂಜಿಕೆ? ನಿಮ್ಮೋರಿಗೆ ಇದೇನ್ ಹೊಸ್ದಾ?”

ಮುತ್ತು ಮುಖ ಗೋಡೆಯ ಕಡೆ ತಿರುಗಿಸಿ ಅಂಗಿ ಬಿಚ್ಚಿದ. ಜಾಡಿಸಿದ. ತೋಳು ಹಿಂದಕ್ಕೆ ಹಾಕಿ, ಮಡಚಿ, ಜನರೇಟರಿನ ಕಟ್ಟೆಯ ಮೇಲೆ ಇಟ್ಟ. ಅದರ ಮೇಲೆ ಮೊಬೈಲು ಇಟ್ಟ. ಕಾಲ್ಮರಿ ಬಿಟ್ಟು ಜೋಡಿಸಿ ಇಟ್ಟ.

ಸಿದ್ದಕ್ಕನ ಕೈಯಿಂದ ಪೊರಕೆ ಬಿತ್ತು. ಅವಳು ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಹೆದರುತ್ತಿದ್ದಳು. ಓಡಿಬಂದು ಗೋಡೆಗೆ ಒರಗಿದ್ದ ಮುಚ್ಚಳವನ್ನು ಎರಡೂ ಕೈಯಿಂದ ಎಳೆದು ಬೀಳಿಸಿದಳು. ಢಣಾರ್ ಅಂತ ಮುಚ್ಚಿಕೊಂಡಿತು. ಅದರ ಮೇಲೆ ಕೂತುಬಿಟ್ಟಳು.

“ಅಂಗಿ ಹಾಕ್ಕೋ” ಅಂದಳು ಮುತ್ತುವಿಗೆ.

ಪಂಚಾಕ್ಷರಿಗೆ ಮೊದಲು ನಗು ಬಂತು. “ಏಯ್ ಸಿದ್ದಕ್ಕ, ಏನ್ ನಾಟಕ ಇದು? ಎದ್ದೇಳು.”

“ಏಳಂಗಿಲ್ರಿ.”

“ಕೆಲ್ಸ ಬೇಕೋ ಬೇಡ್ವೋ ನಿಂಗೆ? ರೂಮ್ ಖಾಲಿ ಮಾಡಿಸ್ತೀನಿ ನೋಡು ಇವತ್ತೇ!”

“ಮಾಡಿಸ್ರಿ.”

ಮುಚ್ಚಳ ಬಿದ್ದ ಸದ್ದಿಗೆ ಮಾಲಿ ಬಂದ. ವಾಚ್‌ಮನ್ ಬಂದ. ಬಕೀಟು ಹಿಡಿದ ಹೌಸ್‌ಕೀಪಿಂಗ್ ಹೆಂಗಸರು ಬಂದರು. ಯಾರೋ ಫೋನು ಮಾಡಿದರು, ಅನುರಾಗ್ ಶಾರ್ಟ್ಸಿನಲ್ಲೇ ಇಳಿದು ಬಂದ. ಅವನ ಹಿಂದೆ ವೆಂಕಟಲಕ್ಷ್ಮಮ್ಮ.

“ಏನ್ರೀ ಇದು ಪಂಚಾಕ್ಷರಿ? ಸಂಜೆ ಇವೆಂಟ್ ಇದೆ. ಸ್ಮೆಲ್ ಕ್ಲಿಯರ್ ಮಾಡಿ ಅಂದ್ರೆ ಇಲ್ಲಿ ಜನ ಸೇರಿಸಿದೀರ?”

“ಈ ಹೆಂಗಸಿಗೆ ತಲೆ ಕೆಟ್ಟಿದೆ ಸಾರ್. ಗಂಡ ಕುಡಿದು ಬಿದ್ದ ಜಾಗ ಅಲ್ವಾ, ಅದ್ಕೇ ಏನೇನೋ ಆಡ್ತಿದಾಳೆ.”

ಸಿದ್ದಕ್ಕ ನೀಲಿ ಕೋಟಿನ ಗುಂಡಿ ಬಿಚ್ಚಿದಳು. ಕೋಟು ಕಳಚಿ ಪಂಚಾಕ್ಷರಿಯ ಕಾಲ ಬಳಿ ಎಸೆದಳು. ಒಳಗೆ ಬಿಳಿ ಅಂಗಿ. ಕುತ್ತಿಗೆಯವರೆಗೆ ಗುಂಡಿ ಹಾಕಿತ್ತು. ಬೆನ್ನ ಮೇಲೆ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

“ಇದರ ಗುರುತು ಐತೇನ್ರಿ?”

ಪಂಚಾಕ್ಷರಿ ನೋಡಿದ. ಗುರುತು ಸಿಕ್ಕಿತು ಅನ್ನುವುದು ಅವನ ಮುಖದ ಮೇಲೇ ಕಂಡಿತು.

“ನನ್ನ ಗಂಡಂದು. ನೀವ ಚೀಲದಾಗ ಹಾಕಿ ಕೊಟ್ರಿ. ಚೊಕ್ಕ ಮಡಚಿತ್ತು. ಯಾರ್ರಿ ಮಡಚಿದ್ದು, ನೀವೇನು?”

“ಥೂ! ಅವನ್ ಅಂಗೀನ ನಾನ್ ಯಾಕೆ ಮುಟ್ಲಿ?” ಅಂದ ಪಂಚಾಕ್ಷರಿ. ಅವನ ಮೈಯೆಲ್ಲ ಅಸಹ್ಯದಿಂದ ಹಿಂದಕ್ಕೆ ಸರಿಯಿತು. “ಅವ್ನೇ ಮಡಚಿ ಅಗೋ ಆ ಕಟ್ಟೆ ಮೇಲೆ ಇಟ್ಟಿದ್ದ. ನಾನ್ ಚೀಲ ಹಿಡಿದು ಕಡ್ಡೀಲಿ ಒಳಕ್ಕೆ ತಳ್ಳಿದ್ದು ಅಷ್ಟೇ.”

ಮುಟ್ಟಲಿಲ್ಲ ಅಂತ ತೋರಿಸಿಕೊಳ್ಳುವ ಅವಸರದಲ್ಲಿ ಆಡಿಬಿಟ್ಟ. ಆಡಿದ ಮೇಲೆ ಅವನಿಗೆ ತಿಳಿಯಿತು. ಮಾಲಿಗೆ ತಿಳಿಯಿತು. ವಾಚ್‌ಮನ್‌ಗೂ ತಿಳಿಯಿತು. ಎಲ್ಲರ ಕಣ್ಣು ಒಮ್ಮೆಗೇ ಜನರೇಟರಿನ ಕಟ್ಟೆಯ ಮೇಲೆ ಹೋಯಿತು. ಅಲ್ಲಿ ಮುತ್ತುವಿನ ಅಂಗಿ ಇತ್ತು, ಮಡಚಿದ್ದು.

“ಅಂಗಿ ಬಿಚ್ಚಿ, ಮಡಚಿ, ಕಟ್ಟಿ ಮ್ಯಾಲ ಇಟ್ಟು, ಆಮ್ಯಾಲ ಕಾಲು ಜಾರಿದ್ನೇನ್ರಿ ನನ್ನ ಗಂಡ?” ಸಿದ್ದಕ್ಕ ಅಂಗಿಯ ಚುಂಗು ಹಿಡಿದು ಮುಂದಕ್ಕೆ ಚಾಚಿದಳು. “ಬರ್ರಿ, ಮೂಸಿ ನೋಡ್ರಿ. ಬಿದ್ದು ಸತ್ತವನ ಅಂಗಿ ಇದು. ಗುಂಡಿ ವಾಸನಿ ಐತೇನು ನೋಡ್ರಿ. ಸಾರ್, ನೀವು ಬರ್ರಿ. ಅವ ಬಿದ್ದಿಲ್ರಿ. ಇಳಿಸಿದ್ರಿ ಅವನ್ನ. ಇಳಿಸಿ ಕೊಂದು, ಕುಡುಕ ಅಂತ ಹೆಸರಿಟ್ಟು ಹೂತ್ರಿ.”

“ಲುಕ್, ಅದು ಕ್ಲೋಸ್ ಆಗಿರೋ ಕೇಸು” ಅಂದ ಅನುರಾಗ್. “ಅದು ವೆಂಡರ್‌ಗೆ ಸಂಬಂಧಪಟ್ಟಿದ್ದು, ಅಸೋಸಿಯೇಷನ್‌ಗೆ ಏನೂ ಇಲ್ಲ. ನಿಂಗೆ ಇದೆಲ್ಲ ತಲೇಲಿ ತುಂಬಿದ್ದು ಯಾರು?”

ಸಿದ್ದಕ್ಕ ವೆಂಕಟಲಕ್ಷ್ಮಮ್ಮನವರನ್ನು ನೋಡಿದಳು. “ಅಮ್ಮಾರೆ, ನೀವ ಹೇಳ್ರಿ. ಬರೇ ಕಥಿ ಏನ್ರಿ ಇದು?”

ವೆಂಕಟಲಕ್ಷ್ಮಮ್ಮ ಸೆರಗು ಮೂಗ ಮೇಲೆ ಹಿಡಿದು ನಿಂತಿದ್ದರು. ಕಣ್ಣು ತುಂಬಿತ್ತು. ಇಷ್ಟು ಪುಸ್ತಕ ಇಟ್ಟುಕೊಂಡಿದ್ದ ಮನೆಯವರು. ಮಗನ ಮುಖ ನೋಡಿದರು, ತಿರುಗಿ ಲಿಫ್ಟಿನ ಕಡೆ ನಡೆದರು.

ಪಂಚಾಕ್ಷರಿ ಈಗ ಮುತ್ತುವಿನ ಮೇಲೆ ಬಿದ್ದ. “ಏಯ್, ನೀನೇನ್ ನೋಡ್ತಾ ನಿಂತಿದೀಯ? ಇವಳನ್ನ ಎಬ್ಬಿಸಿ ಇಳಿಯೋ. ಇಲ್ಲಾಂದ್ರೆ ನಿಂಗೂ ಗಂಟು ಮೂಟೆ ಕಟ್ಟಿಸ್ತೀನಿ.”

ಮುತ್ತು ಬರಿಮೈಯಲ್ಲಿ ನಿಂತಿದ್ದ. ಪಂಚಾಕ್ಷರಿಯನ್ನು ನೋಡಿದ, ಮುಚ್ಚಳವನ್ನು ನೋಡಿದ. ಅವನ ಪಕ್ಕದಲ್ಲಿ, ಜನರೇಟರಿನ ಕಟ್ಟೆಗೆ ಆನಿಕೊಂಡು ಇನ್ನೊಬ್ಬ ಬರಿಮೈಯವನು ನಿಂತಿದ್ದ. ಅವನು ಸಿದ್ದಕ್ಕನ ಕಣ್ಣಿಗೆ ಮಾತ್ರ ಕಂಡ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಇಬ್ಬರಿಗೂ ಸೇರಿಸಿ ಹೇಳಿದಳು.

“ಅಂಗಿ ಹಾಕ್ಕೋಪಾ. ಹಾಕ್ಕೋ.”

ಮುತ್ತು ಕಟ್ಟೆಯ ಮೇಲಿನ ಮೊಬೈಲು ಎತ್ತಿದ. ಅಂಗಿ ಎತ್ತಿದ. ಮಡಿಕೆ ಜಾಡಿಸಿದ. ತೋಳು ತೂರಿಸಿದ. ಗುಂಡಿ ಹೆಚ್ಚುಕಡಿಮೆ ಬಿತ್ತು. ಬಿಚ್ಚಿ ಮತ್ತೆ ಹಾಕಿದ, ಕುತ್ತಿಗೆಯವರೆಗೆ ಹಾಕಿದ. ಕಾಲ್ಮರಿ ಮೆಟ್ಟಿಕೊಂಡು ಬಂದು ಸಿದ್ದಕ್ಕನ ಬೆನ್ನ ಹಿಂದೆ ನಿಂತ.

ಸಿದ್ದಕ್ಕ ಮತ್ತೆ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಪೊಲೀಸ್ ಕರೀರಿ ಸಾರ್. ಇವ್ರು ಹಿಂಗೆಲ್ಲ ಬಗ್ಗಲ್ಲ” ಅಂದ ಪಂಚಾಕ್ಷರಿ.

“ಕರೀರಿ” ಅಂದಳು ಸಿದ್ದಕ್ಕ. “ಅವತ್ತ ಅವರ ಮುಂದ ಹೌದ್ರಿ ಅಂದು ಬಂದೀನಿ. ಆ ಮಾತು ತಿರುಗಿ ಇಸ್ಕೋಬೇಕಾಗೈತಿ.”

ಅಂದು, ಮುಚ್ಚಳದ ಮೇಲೆ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತಳು.